ಜಟೆ ಬಿಟ್ಟ ಮಗ ತಂದೆಯ ಶ್ರಾದ್ಧ ಮಾಡಬಹುದೇ?

ಪ್ರಶ್ನೆ: ನಮ್ಮ ಯಜಮಾನರು ತೀರಿಕೊಂಡು ಬರುವ ಮಾಘಕ್ಕೆ ನಾಲ್ಕು ವರ್ಷವಾಗುತ್ತದೆ. ನಮಗೆ ಒಬ್ಬನೇ ಮಗ. ತಂದೆ ಹೋದಾಗ ತಲೆ ಬೋಳಿಸಿಕೊಂಡು, ಅಪರಕರ್ಮವನ್ನೆಲ್ಲ ಒಂದು ಚೂರೂ ಬಿಡದೆ ಮಾಡಿದ. ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಬಿಡುವಾದಾಗ ಸ್ನೇಹಿತರ ಜೊತೆ ಗಿಟಾರ್ ನುಡಿಸುತ್ತಾನೆ. ಎರಡು ವರ್ಷದಿಂದ ಕೂದಲು ಬಿಟ್ಟು, ದೀಪಾವಳಿಗೆ ಬರುವಾಗ ಅದನ್ನು ಹಗ್ಗದ ಹಾಗೆ ಹೊಸೆಸಿಕೊಂಡು ಬಂದ. ಡ್ರೆಡ್‌ಲಾಕ್ಸ್ ಅಂತೆ, ಬಾಬ್ ಮಾರ್ಲಿ ಅನ್ನುವ ಹಾಡುಗಾರನ ತಲೆಯಂತೆ. ನಮ್ಮ ಪುರೋಹಿತರು ನೋಡಿ, "ಈ ತಲೆ ಇಟ್ಟುಕೊಂಡು ಬಂದರೆ ನಾನು ಶ್ರಾದ್ಧಕ್ಕೆ ಕೂರಿಸೋದಿಲ್ಲ" ಎಂದುಬಿಟ್ಟರು. ನನ್ನ ಮೈದುನ "ನಾನೇ ಕೂತು ಮಾಡ್ತೀನಿ ಬಿಡಿ ಅತ್ತಿಗೆ" ಎನ್ನುತ್ತಾರೆ. ಮಗನನ್ನು ಕೇಳಿದರೆ "ಶಿವನಿಗೂ ಇದೆಯಲ್ಲಮ್ಮ, ನನಗೇನು?" ಎನ್ನುತ್ತಾನೆ. ನನ್ನ ತಂಗಿಯಂತೂ ಅವನು ಮಲಗಿದ್ದಾಗ ಕತ್ತರಿಸಿಬಿಡು ಎಂದು ಹೇಳಿಕೊಡುತ್ತಾಳೆ. ಬೇರೆ ಮತದವರ ಗುರುತನ್ನು ತಲೆಯ ಮೇಲೆ ಹೊತ್ತವನು ಕೊಟ್ಟ ಪಿಂಡ ಅವರ ತಂದೆಗೆ ಸಲ್ಲುತ್ತದೆಯೇ? ಇದರಿಂದ ದೋಷವಿದೆಯೇ? ದಯವಿಟ್ಟು ಬೇಗ ತಿಳಿಸಿ. ಹೆಸರು ಹಾಕಬೇಡಿ.
— ಒಬ್ಬ ತಾಯಿ, ಶಿವಮೊಗ್ಗ ಜಿಲ್ಲೆ

ಉತ್ತರ: ತಾಯಿ, ಸುತ್ತಿ ಬಳಸಿ ಹೇಳುವುದು ಬೇಡ. ನಿಮ್ಮ ಮಗ ಶ್ರಾದ್ಧ ಮಾಡಬಹುದು. ಮಾಡಬಹುದು ಎಂದರೆ ಕಡಿಮೆಯಾಯಿತು, ಅವನೇ ಮಾಡಬೇಕು. ಉಪನಯನವಾದ ಔರಸ ಪುತ್ರ ಬದುಕಿದ್ದು, ಮನಸ್ಸಿದ್ದು, ಊರಿಗೆ ಬರಲು ಸಿದ್ಧನಿರುವಾಗ ಅವನ ಚಿಕ್ಕಪ್ಪ ಕೂರುವುದಕ್ಕೆ ಕಾರಣವೇ ಇಲ್ಲ. ನಿಮ್ಮ ಮೈದುನರದು ಒಳ್ಳೆಯ ಮನಸ್ಸೇ ಇರಬಹುದು. ಮಗ ಪರದೇಶದಲ್ಲಿದ್ದರೆ, ಕಾಯಿಲೆ ಬಿದ್ದಿದ್ದರೆ ಅವರು ಕೂರಲಿ. ಕೂದಲಿನ ಕಾರಣಕ್ಕೆ ಮಗನ ಅಧಿಕಾರ ಕೈತಪ್ಪಿತು ಎಂದು ಯಾವ ಶಾಸ್ತ್ರವೂ ಹೇಳುವುದಿಲ್ಲ. ಅಧಿಕಾರ ಕಳೆಯುವುದು ಪಾತಿತ್ಯದಿಂದ. ಪಾತಿತ್ಯಕ್ಕೆ ಕಾರಣವಾಗುವ ಪಾಪಗಳನ್ನು ಸ್ಮೃತಿಗಳು ಹೆಸರು ಹಿಡಿದು ಹೇಳಿವೆ. ಆ ಪಟ್ಟಿಯಲ್ಲಿ ಕೊಲೆಯಿದೆ, ಕಳವಿದೆ, ಗುರುದ್ರೋಹವಿದೆ, ಕೂದಲು ಹೊಸೆದದ್ದಿಲ್ಲ.

ಇನ್ನೊಂದು ಮಾತು. ನಿಮ್ಮ ಪುರೋಹಿತರಿಗಿಂತ ದೊಡ್ಡ ಸಾಕ್ಷಿ ನಿಮ್ಮ ಮನೆಯಲ್ಲೇ ಇದೆ, ದಿನಾ ಪಾರಾಯಣ ಮಾಡುವ ರಾಮಾಯಣದಲ್ಲಿ. ಅಯೋಧ್ಯಾಕಾಂಡವನ್ನು ನೆನಪಿಸಿಕೊಳ್ಳಿ. ಗಂಗೆಯ ದಡದಲ್ಲಿ, ಶೃಂಗಿಬೇರಪುರದಲ್ಲಿ, ರಾಮನು ಗುಹನಿಗೆ ಆಲದ ಹಾಲು ತರಲು ಹೇಳುತ್ತಾನೆ. ಆ ಅಂಟು ಹಾಲನ್ನು ಹಚ್ಚಿ ತನಗೂ ಲಕ್ಷ್ಮಣನಿಗೂ ಜಟೆ ಕಟ್ಟಿಕೊಳ್ಳುತ್ತಾನೆ. ಅದುವರೆಗೆ ಸುಗಂಧತೈಲ ಹಚ್ಚಿ ಬಾಚಿದ್ದ ರಾಜಕುಮಾರರ ತಲೆ ಅದು. ಸುಮಂತ್ರನ ಕಣ್ಣೆದುರೇ ಇದು ನಡೆಯಿತು. ಆಮೇಲೆ ಚಿತ್ರಕೂಟಕ್ಕೆ ಭರತ ಬಂದು ದಶರಥ ಹೋದ ಸುದ್ದಿ ತಿಳಿಸುತ್ತಾನೆ. ಆಗ ರಾಮ ಏನು ಮಾಡಿದ? ಮಂದಾಕಿನಿಗೆ ಇಳಿದು ತರ್ಪಣ ಕೊಟ್ಟ. ಅನ್ನವಿಲ್ಲ, ಕಾಡು. ಇಂಗುದಿಯ ಹಿಂಡಿಗೆ ಬೋರೆಹಣ್ಣು ಬೆರೆಸಿ, ದರ್ಭೆ ಹಾಸಿ ಪಿಂಡ ಇಟ್ಟ. ನಾವು ಏನು ತಿನ್ನುತ್ತೇವೋ ಅದೇ ನಮ್ಮ ಪಿತೃಗಳಿಗೂ ಎಂದ. ಆ ಹೊತ್ತಿಗೆ ಅವನ ತಲೆಯ ಮೇಲೆ ಇದ್ದದ್ದು ಆಲದ ಹಾಲಿನ ಜಟೆ. ವನವಾಸ ಮುಗಿಯುವ ತನಕ ಅದು ಹಾಗೇ ಇದೆ. ಜಟೆ ಬಿಟ್ಟ ಮಗ ಕೊಟ್ಟ ಪಿಂಡವನ್ನು ದಶರಥ ಬೇಡವೆನ್ನಲಿಲ್ಲ. ನಿಮ್ಮ ಯಜಮಾನರು ಯಾಕೆ ಬೇಡವೆನ್ನುತ್ತಾರೆ ಹೇಳಿ?

ಹಾಗಂತ "ನೋಡಮ್ಮ, ಗೆದ್ದೆ" ಎಂದು ಮಗ ಹಿಗ್ಗುವುದೂ ಬೇಡ. ಅವನ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಪುರೋಹಿತರ ಮಾತು.

ಅವರು ಸುಮ್ಮನೆ ಹಟಕ್ಕೆ ಹೇಳಿದ್ದಾರೆ ಎಂದುಕೊಳ್ಳಬೇಡಿ. ಅವರ ಅಡ್ಡಿಗೆ ಮೂರು ಆಧಾರ ಇರಬಹುದು. ಶ್ರಾದ್ಧಕ್ಕೆ ಮುಂಚೆ ಕ್ಷೌರ ಆಗಬೇಕು ಎಂಬುದು ಒಂದು. ಶಿಖೆ ಕಟ್ಟದೆ ಮಾಡಿದ ಕರ್ಮ ಫಲ ಕೊಡದು ಎಂಬುದು ಇನ್ನೊಂದು. ಕೂದಲು ಬಿದ್ದ ಅನ್ನ ಶ್ರಾದ್ಧಕ್ಕೆ ಬರುವುದಿಲ್ಲ ಎಂಬುದು ಮತ್ತೊಂದು. ಮೂರೂ ಶಾಸ್ತ್ರದ ಮಾತುಗಳೇ. ಆದರೆ ಮೂರಕ್ಕೂ ದಾರಿ ಇದೆ.

ಕ್ಷೌರದ ವಿಷಯ. ಕೂದಲನ್ನು ಆಶ್ರಯಿಸಿ ಪಾಪ ನಿಲ್ಲುತ್ತದೆ ಎಂಬ ಭಾವನೆಯಿಂದ ವಪನ ಬಂದದ್ದು. ಪೂರ್ತಿ ತಲೆ ಬೋಳಿಸಲೇಬೇಕಾದ ಸಂದರ್ಭಗಳನ್ನು ಹಿರಿಯರು ಏಳು ಎಂದು ಎಣಿಸಿದ್ದಾರೆ: ಗಂಗೆಯಲ್ಲಿ, ಭಾಸ್ಕರಕ್ಷೇತ್ರವೆಂಬ ಪ್ರಯಾಗದಲ್ಲಿ, ತಾಯಿ, ತಂದೆ, ಗುರು ತೀರಿಕೊಂಡಾಗ, ಅಗ್ನ್ಯಾಧಾನದಲ್ಲಿ, ಸೋಮಯಾಗದಲ್ಲಿ. ತಂದೆ ತೀರಿಕೊಂಡಾಗ ನಿಮ್ಮ ಮಗ ಬೋಳಿಸಿದ್ದಾನೆ, ಆ ಕರ್ತವ್ಯ ಮುಗಿಯಿತು. ವರ್ಷವರ್ಷದ ಶ್ರಾದ್ಧ ಈ ಏಳರೊಳಗೆ ಬರುವುದಿಲ್ಲ. ಹಿಂದಿನ ದಿನ ಮುಖಕ್ಷೌರ ಮಾಡಿಸಿ, ಉಗುರು ತೆಗೆಸಿಕೊಂಡು ಶುದ್ಧನಾಗುವುದು ಎಷ್ಟೋ ಮನೆಗಳ ಸಂಪ್ರದಾಯ. ಅಷ್ಟನ್ನು ಅವನು ಮಾಡಲಿ, ಗಡ್ಡವಿದ್ದರೆ ತೆಗೆಸಲಿ. ಬೋಳಿಸಲೇಬೇಕಾದ ಪ್ರಾಯಶ್ಚಿತ್ತಗಳಲ್ಲಿ ಕೂಡ, ಕೂದಲು ಉಳಿಸಿಕೊಳ್ಳಬೇಕೆನ್ನುವವನಿಗೆ ಸ್ಮೃತಿಕಾರರು ವ್ರತವನ್ನು ಇಮ್ಮಡಿ ಮಾಡು, ದಕ್ಷಿಣೆಯನ್ನೂ ಇಮ್ಮಡಿ ಕೊಡು ಎಂದು ಬಿಟ್ಟುಕೊಟ್ಟಿದ್ದಾರೆ. ಎಷ್ಟು ಲೋಕ ಕಂಡವರು ನೋಡಿ! ರಾಜರಿಗೂ ರಾಜಪುತ್ರರಿಗೂ ತಲೆ ಬೋಳಿಸಲು ಮನಸ್ಸು ಬಾರದು ಎಂದು ಅವರಿಗೆ ಆಗಲೇ ಗೊತ್ತಿತ್ತು.

ಶಿಖೆಯ ವಿಷಯ. ಇಲ್ಲಿ ನಾನು ನಮ್ಮ ಪುರೋಹಿತ ಬಂಧುಗಳನ್ನೇ ಒಂದು ಮಾತು ಕೇಳಬೇಕು, ಬೇಸರ ಮಾಡಿಕೊಳ್ಳಬಾರದು. ಇವತ್ತು ಶ್ರಾದ್ಧಕ್ಕೆ ಕೂರುವ ಕರ್ತೃಗಳಲ್ಲಿ ಎಷ್ಟು ಜನಕ್ಕೆ ಜುಟ್ಟಿದೆ? ಎಲ್ಲರದೂ ಕ್ರಾಪು. ಕ್ರಾಪು ಯಾವ ಋಷಿ ಕಂಡದ್ದು? ನಮ್ಮ ಅಜ್ಜಂದಿರ ಕಾಲದಲ್ಲಿ ಇಂಗ್ಲಿಷ್ ಶಾಲೆಗೆ ಹೋದ ಹುಡುಗ ಜುಟ್ಟು ತೆಗೆಸಿ ಕ್ರಾಪು ಬಿಟ್ಟು ಮನೆಗೆ ಬಂದರೆ ಸಾವಾದಂತೆ ಅಳುತ್ತಿದ್ದರು. ಪರಂಗಿಯವರ ತಲೆ ಹೊತ್ತು ಬಂದ ಎಂದು ಒಳಗೆ ಬಿಡುತ್ತಿರಲಿಲ್ಲ. ಕೆಲವರು ಹಿಂದಲೆಯಲ್ಲಿ ನಾಲ್ಕು ಎಳೆ ಉಳಿಸಿ, ಕ್ರಾಪಿನೊಳಗೆ ಅಡಗಿಸಿ, ಅಪ್ಪನೆದುರು ಮಾತ್ರ ಹೊರತೆಗೆಯುತ್ತಿದ್ದರು. ಆ ಹುಡುಗರೇ ಮುಂದೆ ಮನೆಯ ಯಜಮಾನರಾದರು, ತಿಥಿ ಮಾಡಿದರು, ಅವರ ಮಕ್ಕಳೂ ಅವರಿಗೆ ತಿಥಿ ಮಾಡಿದರು. ಕ್ರಾಪು ಎಂದರೆ ನಮ್ಮದೇ ಎನ್ನುವಷ್ಟು ನಮ್ಮದಾಯಿತು. ಹೊರಗಿನಿಂದ ಬಂದ ಒಂದು ತಲೆಗೆ ಕಣ್ಣು ಮುಚ್ಚಿ, ಹೊರಗಿನಿಂದ ಬಂದ ಇನ್ನೊಂದು ತಲೆಯನ್ನು ಬಾಗಿಲಲ್ಲಿ ನಿಲ್ಲಿಸುವುದಾದರೆ ಅದು ಶಾಸ್ತ್ರದ ಮಾತಲ್ಲ, ಕಣ್ಣಿನ ರೂಢಿಯ ಮಾತು. ಕಣ್ಣಿನ ರೂಢಿಗೂ ಬೆಲೆ ಇದೆ, ಇಲ್ಲವೆನ್ನುವುದಿಲ್ಲ. ಪಿಂಡ ನಿಲ್ಲಿಸುವಷ್ಟು ಬೆಲೆ ಇಲ್ಲ.

ಶಿಖೆ ಇಲ್ಲದವನಿಗೆ, ಬೋಳುತಲೆಯವನಿಗೆ, ದರ್ಭೆಯಲ್ಲಿ ಬ್ರಹ್ಮಗ್ರಂಥಿ ಹಾಕಿ ಬಲಕಿವಿಯ ಮೇಲೆ ಇಟ್ಟುಕೊಳ್ಳಲು ಹೇಳಿದ್ದಾರೆ. ನಿಮ್ಮ ಮಗನಿಗೆ ಅದೂ ಬೇಕಿಲ್ಲ. ಅವನ ತಲೆಯಲ್ಲಿ ಕೂದಲಿದೆ. ಬ್ರಹ್ಮಚಾರಿಯು ಬೋಳುತಲೆಯವನಾಗಿರಬಹುದು, ಪೂರ್ತಿ ಜಟೆಯವನಾಗಿರಬಹುದು, ಇಲ್ಲವೇ ಶಿಖೆಯೊಂದನ್ನೇ ಜಟೆಯಾಗಿ ಬಿಟ್ಟವನಾಗಿರಬಹುದು ಎಂದು ಮನುಸ್ಮೃತಿಯೇ ಮೂರು ದಾರಿ ಕೊಡುತ್ತದೆ. ನೆತ್ತಿಯ ಹಿಂಭಾಗದ ಒಂದೆರಡು ಜಟೆಯನ್ನು ಬೇರೆ ತೆಗೆದು ಶಿಖೆಯೆಂದು ಗಂಟು ಹಾಕಲಿ. ಆಯಿತು.

ನಮ್ಮ ಜನಕ್ಕೆ ಒಂದು ತಪ್ಪು ಕಲ್ಪನೆ ಇದೆ, ಹಿಂದೆ ಎಲ್ಲರ ತಲೆಯೂ ಒಂದೇ ಥರ ಇತ್ತು ಅಂತ. ಚೌಲಸಂಸ್ಕಾರದಲ್ಲಿ ಮಗುವಿನ ಕೂದಲನ್ನು ಹೇಗೆ ಬಿಡಬೇಕು ಎಂಬ ಪ್ರಶ್ನೆಗೆ ಆಶ್ವಲಾಯನ ಗೃಹ್ಯಸೂತ್ರ ಕೊಡುವ ಉತ್ತರ, ಅವರವರ ಕುಲಧರ್ಮದಂತೆ ಎಂದು. ವಸಿಷ್ಠರು ಬಲಕ್ಕೆ ಕಟ್ಟುತ್ತಿದ್ದರು, ಋಗ್ವೇದದ ಏಳನೆಯ ಮಂಡಲದಲ್ಲೇ ಅವರನ್ನು ಬಲಗಡೆ ಜಡೆಯವರು ಎಂದು ಕರೆದಿದೆ. ಅತ್ರಿ, ಕಾಶ್ಯಪರು ಎರಡೂ ಕಡೆ. ಆಂಗಿರಸರಿಗೆ ಐದು ಶಿಖೆ. ಭೃಗುಗಳು ಬೋಳು. ದೂರದಿಂದ ಬರುವವನ ತಲೆ ನೋಡಿಯೇ ಇವನು ಯಾವ ಗೋತ್ರದವನು ಎಂದು ಹೇಳಬಹುದಾಗಿದ್ದ ಕಾಲ. ಈಗ ವಸಿಷ್ಠ ಗೋತ್ರದವರೂ ಭಾರ್ಗವ ಗೋತ್ರದವರೂ ಒಂದೇ ಸೆಲೂನಿನಲ್ಲಿ ಕೂತು ಒಂದೇ ಥರ ಕತ್ತರಿಸಿಕೊಂಡು ಬರುತ್ತಾರೆ. ಯಾರಿಗೂ ಶ್ರಾದ್ಧ ತಪ್ಪಿಲ್ಲ.

ಈಗ ಮಗನ ವಿಷಯ. ಈ ಭಾಗವನ್ನು ಅವನಿಗೇ ಓದಲು ಕೊಡಿ ತಾಯಿ.

ಮಗೂ, ನೀನು ಶಿವನ ಹೆಸರು ಹೇಳಿದ್ದೀಯ. ಶಿವ ಕಪರ್ದಿ, ಜಟಾಧರ, ನಿಜ. ಆದರೆ ನಿನ್ನ ತಲೆ ಕೈಲಾಸದಿಂದ ಬಂದದ್ದಲ್ಲ, ಜಮೈಕಾದಿಂದ ಬಂದದ್ದು. ಅಮ್ಮನಿಗೆ ನೀನೇ ಬಾಬ್ ಮಾರ್ಲಿಯ ಹೆಸರು ಹೇಳಿದ್ದೀಯ. ಹಾಗಿರುವಾಗ ಕೇಳಿದ ಕೂಡಲೇ ಶಿವನ ಹಿಂದೆ ಅಡಗಿಕೊಳ್ಳುವುದು ಸರಿಯಲ್ಲ. ಶಿವನಿಗೂ ಸರಿಯಲ್ಲ, ಜಮೈಕಾದವರಿಗೂ ಸರಿಯಲ್ಲ. ಆ ಜನರ ಕಥೆ ನಿನಗೆ ಎಷ್ಟು ಗೊತ್ತು?

1930ರ ನವೆಂಬರ್ 2ರಂದು ಇಥಿಯೋಪಿಯಾದಲ್ಲಿ ರಾಸ್ ತಫಾರಿ ಎಂಬಾತ ಹೈಲೆ ಸೆಲಾಸಿ ಎಂಬ ಹೆಸರಿನಲ್ಲಿ ಚಕ್ರವರ್ತಿಯಾದ. ಕಡಲಾಚೆ ಜಮೈಕಾದಲ್ಲಿ, ಆಫ್ರಿಕದಿಂದ ಸಂಕೋಲೆ ಹಾಕಿ ತಂದ ಗುಲಾಮರ ವಂಶದವರು ಕಬ್ಬಿನ ಗದ್ದೆಗಳಲ್ಲಿ ದುಡಿಯುತ್ತಿದ್ದರು. ಕಪ್ಪು ಮನುಷ್ಯ ಸಿಂಹಾಸನ ಏರಿದ್ದು ಅವರಿಗೆ ದೇವರೇ ಇಳಿದು ಬಂದಂತೆ ಕಂಡಿತು. ಲಿಯೊನಾರ್ಡ್ ಹೊವೆಲ್ ಎಂಬುವರು 1933ರ ಸುಮಾರಿಗೆ ಇದನ್ನು ಊರೂರಲ್ಲಿ ಸಾರಿದರು, ಜೈಲಿಗೂ ಹೋದರು. ರಾಸ್ತಫಾರಿ ಎಂಬ ಮತ ಹುಟ್ಟಿದ್ದು ಹೀಗೆ. ಅವರು ತಲೆಗೆ ಬಾಚಣಿಗೆ, ಕತ್ತಿ ಸೋಕಿಸದೆ ಜಟೆ ಬಿಟ್ಟದ್ದಕ್ಕೆ ತಮ್ಮ ಶಾಸ್ತ್ರಾಧಾರ ಕೊಡುತ್ತಾರೆ. ಅದು ಬೈಬಲಿನ ಹಳೆಯ ಒಡಂಬಡಿಕೆಯಲ್ಲಿರುವ ನಾಜೀರ ವ್ರತ. ಆ ವ್ರತ ಹಿಡಿದವನು ದ್ರಾಕ್ಷಾರಸ ಕುಡಿಯಬಾರದು, ತಲೆಗೆ ಕ್ಷೌರದ ಕತ್ತಿ ತಾಗಿಸಬಾರದು, ಶವದ ಹತ್ತಿರ ಹೋಗಬಾರದು. ಸತ್ತವರು ತಂದೆ ತಾಯಿಯಾದರೂ ಹೋಗಬಾರದು! ವ್ರತದ ಅವಧಿ ಮುಗಿದ ದಿನ ದೇವರ ಸನ್ನಿಧಿಯಲ್ಲಿ ತಲೆ ಬೋಳಿಸಿ, ಆ ಕೂದಲನ್ನು ಬಲಿಯ ಬೆಂಕಿಗೆ ಹಾಕಬೇಕು.

ಇದನ್ನು ಓದಿದಾಗ ನನಗೆ ನೆನಪಾದದ್ದು ನಂದಿಗ್ರಾಮ. ಅಲ್ಲಿ ಭರತನೂ ಜಟೆ ಬಿಟ್ಟು ಹದಿನಾಲ್ಕು ವರ್ಷ ಪಾದುಕೆಯ ಮುಂದೆ ಕೂತ. ಅಣ್ಣ ತಿರುಗಿ ಬಂದ ಮೇಲೆ, ಪಟ್ಟಾಭಿಷೇಕಕ್ಕೆ ಮುಂಚೆ ಆಗುವ ಮೊದಲ ಕೆಲಸ ಏನು? ಕ್ಷೌರಿಕರು ಬಂದು ಅಣ್ಣತಮ್ಮಂದಿರ ಜಟೆ ತೆಗೆಯುವುದು. ಎಲ್ಲಿಯ ಅಯೋಧ್ಯೆ, ಎಲ್ಲಿಯ ಇಸ್ರೇಲು! ಎರಡೂ ಕಡೆ ಜಟೆ ಒಂದು ಸಂಕಲ್ಪದಿಂದ ಶುರುವಾಗುತ್ತದೆ, ಸಂಕಲ್ಪ ಪೂರೈಸಿದಾಗ ಇಳಿಯುತ್ತದೆ. ನಾಗಾ ಸಾಧುಗಳಲ್ಲೂ ದೀಕ್ಷೆಯ ದಿನ ಮೊದಲು ತಲೆ ಬೋಳು, ಆಮೇಲೆ ಜಟೆ. ಅದೇ ಶಂಕರ ಪರಂಪರೆಯ ನಮ್ಮ ಶೃಂಗೇರಿಯ ಯತಿಗಳದು ಬೋಳುತಲೆ. ಅಲ್ಲೂ ಜಟೆಯ ಹಿಂದೆ ಗುರುವಿದ್ದಾನೆ, ಮಾತು ಕೊಟ್ಟದ್ದಿದೆ. ನಿನ್ನ ಜಟೆಯ ಹಿಂದೆ ಏನಿದೆ? ಸಿಟ್ಟಿನಿಂದ ಕೇಳುತ್ತಿಲ್ಲ. ಚೆನ್ನಾಗಿ ಕಾಣುತ್ತದೆ ಎಂದು ಬಿಟ್ಟೆಯಾದರೆ ಹಾಗೇ ಹೇಳು, ಅದು ಪಾಪವಲ್ಲ, ವಯಸ್ಸು. ಆದರೆ ಅದಕ್ಕೆ ಶಿವನನ್ನು ಸಾಕ್ಷಿಗೆ ಕರೆಯಬೇಡ.

ಇನ್ನೊಂದು ವಾದವೂ ಇಂಥ ಹುಡುಗರ ಬಾಯಲ್ಲಿ ಬರುತ್ತದೆ, "ಇದು ಮೊದಲು ನಮ್ಮದೇ, ಅವರು ನಮ್ಮಿಂದ ಕಲಿತರು" ಅಂತ. 1845ರಿಂದ ಭಾರತದ ಕೂಲಿಯಾಳುಗಳನ್ನು ಜಮೈಕಾದ ತೋಟಗಳಿಗೆ ಹಡಗಿನಲ್ಲಿ ಸಾಗಿಸಿದ್ದು ನಿಜ. ಗಾಂಜಾ ಎಂಬ ಪದ ಅಲ್ಲಿಯ ಬಾಯಿಗೆ ಬಂದದ್ದು ನಮ್ಮವರಿಂದಲೇ. (ಹೆಮ್ಮೆ ಪಡಬೇಕಾದ ರಫ್ತಲ್ಲ. ತಾಯಂದಿರು ಜಟೆ ಕಂಡ ಕೂಡಲೇ ಮಗ ಅದನ್ನೂ ಸೇದುತ್ತಾನೆ ಎಂದು ತೀರ್ಮಾನಿಸುವುದೂ ಬೇಡ. ಅನುಮಾನ ಇದ್ದರೆ ನೇರವಾಗಿ ಕೇಳಿ.) ಆದರೆ ಜಟೆಗೆ ಅವರು ಹೇಳಿಕೊಳ್ಳುವ ಆಧಾರ ಅವರ ಗ್ರಂಥದ್ದು, ಅದಕ್ಕೆ ಪಟ್ಟ ಕಷ್ಟವೂ ಅವರದೇ. ಆ ತಲೆ ಇದ್ದವನಿಗೆ ಕೆಲಸ ಸಿಗುತ್ತಿರಲಿಲ್ಲ, ಪೊಲೀಸರು ಹಿಡಿದು ಬಲವಂತವಾಗಿ ಬೋಳಿಸುತ್ತಿದ್ದರು. 1963ರ ಏಪ್ರಿಲ್‌ನಲ್ಲಿ ಕೋರಲ್ ಗಾರ್ಡನ್ಸ್ ಎಂಬಲ್ಲಿ ನಡೆದ ಗಲಭೆಯ ನಂತರ ದ್ವೀಪದಾದ್ಯಂತ ರಾಸ್ತಾಗಳನ್ನು ಹುಡುಕಿ ಹಿಡಿದು ಹೊಡೆದರು, ಕೂಡಿಹಾಕಿದರು, ಜಟೆ ಕತ್ತರಿಸಿದರು. ಪ್ರಾಣಗಳೂ ಹೋದವು. ಅದಕ್ಕೆ ಆ ದೇಶದ ಪ್ರಧಾನಿ ಕ್ಷಮೆ ಕೇಳಿದ್ದು 2017ರಲ್ಲಿ, ಐವತ್ತನಾಲ್ಕು ವರ್ಷ ಕಳೆದ ಮೇಲೆ. ಅಷ್ಟು ಬೆಲೆ ತೆತ್ತು ಒಬ್ಬರು ಉಳಿಸಿಕೊಂಡದ್ದನ್ನು ನೀನು ಒಂದು ಮಧ್ಯಾಹ್ನ ಸೆಲೂನಿನಲ್ಲಿ ಕೂತು ಪಡೆದೆ. ಪಡೆಯಬಾರದು ಎನ್ನುವುದಿಲ್ಲ. ಎರವಲು ತಂದ ಪಾತ್ರೆಯನ್ನು ನಮ್ಮೂರಲ್ಲಿ ತೊಳೆದು, ಖಾಲಿ ಕೊಡಬಾರದೆಂದು ಏನಾದರೂ ಹಾಕಿ ಹಿಂದಿರುಗಿಸುತ್ತಾರೆ. ಯಾರದೆಂದು ತಿಳಿದು, ಅವರ ಹೆಸರು ಕೆಡದ ಹಾಗೆ ನಡೆದುಕೊಂಡರೆ ಅಷ್ಟೇ ಸಾಕು.

ಇದೇ ಮಾತಿಗೆ ಇನ್ನೊಂದನ್ನು ಸೇರಿಸುತ್ತೇನೆ, ಪ್ರಶ್ನೆಯಲ್ಲಿ ಇಲ್ಲದಿದ್ದರೂ. ನಿಮ್ಮ ಮಗ ಹಣ ಕೊಟ್ಟು ಹೊಸೆಸಿಕೊಂಡ ಜಟೆಯೇ ಸವದತ್ತಿ ಎಲ್ಲಮ್ಮನ ಸೀಮೆಯಲ್ಲಿ ಬಡ ಹೆಣ್ಣುಮಕ್ಕಳ ಪಾಲಿಗೆ ಏನಾಯಿತು ಗೊತ್ತೇ? ಎಣ್ಣೆ, ಬಾಚಣಿಗೆ ಕಾಣದ ಕೂದಲು ಸಿಕ್ಕುಗಟ್ಟಿ ಗಂಟಾದರೆ "ಅಮ್ಮ ಬಂದಳು" ಎಂದು ಭಂಡಾರ ಹಚ್ಚಿದರು, ಬಿಡಿಸಬಾರದು ಎಂದು ಹೆದರಿಸಿದರು. ಅದನ್ನೇ ದೇವಿಯ ಕರೆ ಎಂದು ಹೇಳಿ ಎಷ್ಟೋ ಬಾಲೆಯರಿಗೆ ಮುತ್ತು ಕಟ್ಟಿಸಿದರು. ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕಾನೂನು ನಮ್ಮ ರಾಜ್ಯದಲ್ಲಿ 1982ರಲ್ಲಿ ಬಂತು. ಆದರೂ "ಮಗಳ ತಲೆಯಲ್ಲಿ ಜಟೆ ಬಂದಿದೆ, ಕತ್ತರಿಸಿದರೆ ದೋಷವೇ" ಎನ್ನುವ ಭಯ ಇನ್ನೂ ಹೋಗಿಲ್ಲ. ಅಂಥ ಭಯದಲ್ಲಿರುವವರು ಇದನ್ನು ಓದುತ್ತಿದ್ದರೆ ಕೇಳಿ: ದೋಷವಿಲ್ಲ. ಕತ್ತರಿ ಹಾಕಿ, ಸೀಗೆಪುಡಿ ಹಾಕಿ ತೊಳೆಯಿರಿ, ಎಣ್ಣೆ ಹಚ್ಚಿ ಬಾಚಿ, ಮಗಳನ್ನು ಶಾಲೆಗೆ ಕಳಿಸಿ. ತಾಯಿ ಎಲ್ಲಮ್ಮ ಯಾವ ಮಗುವಿನ ತಲೆಯಲ್ಲೂ ಹೇನು ಸಾಕಲು ಕೇಳುವುದಿಲ್ಲ.

ಮತ್ತೆ ನಿಮ್ಮ ಮನೆಗೆ ಬರೋಣ. ಒಂದು ಸಂಗತಿ ನೀವು ಬರೆದಿಲ್ಲ, ಮಗನನ್ನು ಕೇಳಿ ತಿಳಿದುಕೊಳ್ಳಿ: ಆ ಜಟೆ ಪೂರ್ತಿ ಅವನ ಸ್ವಂತ ಕೂದಲೇ, ಅಥವಾ ಉದ್ದಕ್ಕೆ ಕೃತಕ ಕೂದಲು ಸೇರಿಸಿ ಹೊಸೆದದ್ದೇ? ಈಗ ಎರಡೂ ಮಾಡುತ್ತಾರೆ. ಸ್ವಂತದ್ದಾದರೆ ನಾನು ಈವರೆಗೆ ಹೇಳಿದ್ದೆಲ್ಲ ಅನ್ವಯಿಸುತ್ತದೆ. ಸೇರಿಸಿದ್ದಾದರೆ ಆ ಭಾಗವನ್ನು ಶ್ರಾದ್ಧಕ್ಕೆ ಮುಂಚೆ ತೆಗೆಸಲೇಬೇಕು. ಪ್ಲಾಸ್ಟಿಕ್ ಎಳೆಗೆ ಸ್ನಾನವೆಂಬುದಿಲ್ಲ, ಇನ್ನೊಬ್ಬರ ಕೂದಲು ಮೈಮೇಲೆ ಇಟ್ಟುಕೊಂಡು ಪಿತೃಕಾರ್ಯ ಮಾಡುವುದು ಶುದ್ಧವಲ್ಲ. ಕೊಂಡ ಕೂದಲಿನ ವಿಷಯದಲ್ಲಿ ಚಿಂತೆ ಮಾಡಿದವರು ನಾವು ಮಾತ್ರ ಅಲ್ಲ. ಯೆಹೂದಿ ಮತದ ಸಂಪ್ರದಾಯಸ್ಥ ಮನೆಗಳಲ್ಲಿ ಮದುವೆಯಾದ ಹೆಂಗಸರು ತಲೆ ಮುಚ್ಚಲು ಟೋಪನ್ ಹಾಕುತ್ತಾರೆ. ಅದಕ್ಕೆ ಬಳಸುವ ಕೂದಲಲ್ಲಿ ತಿರುಮಲದ ಮುಡಿಯ ಕೂದಲೂ ಇದೆ ಎಂದು ತಿಳಿದಾಗ, 2004ರಲ್ಲಿ, ಬೇರೆ ದೇವರಿಗೆ ಅರ್ಪಿಸಿದ್ದು ನಮಗೆ ವರ್ಜ್ಯ ಎಂದು ಅವರ ಧರ್ಮಗುರುಗಳು ತೀರ್ಪು ಕೊಟ್ಟರು. ಅವರ ಪೈಕಿ ಒಬ್ಬ ಪಂಡಿತರು ತಿರುಮಲಕ್ಕೇ ಬಂದು ಮುಡಿ ಕೊಡುವುದನ್ನು ನೋಡಿಹೋಗಿದ್ದರು. ಜೆರುಸಲೇಮಿನಲ್ಲೂ ನ್ಯೂಯಾರ್ಕಿನಲ್ಲೂ ಬೀದಿಯಲ್ಲೇ ಟೋಪನ್‌ಗಳನ್ನು ಸುಟ್ಟರು. ನಮ್ಮ ವೆಂಕಟೇಶನಿಗೆ ಕೊಟ್ಟ ಮುಡಿ ಅಷ್ಟು ದೂರ ಹೋಗಿ ಅಷ್ಟು ಗಲಾಟೆ ಎಬ್ಬಿಸಿತು ನೋಡಿ.

ಶ್ರಾದ್ಧದ ದಿನದ ಕ್ರಮ ಹೀಗೆ. ಜಟೆಯ ದೊಡ್ಡ ತೊಂದರೆ ಮತದ್ದಲ್ಲ, ಮಡಿಯದು. ಒಳಗೆ ನೀರು ಇಳಿಯುವುದಿಲ್ಲ, ಇಳಿದರೆ ಬೇಗ ಒಣಗುವುದಿಲ್ಲ. ಆದ್ದರಿಂದ ಮಗ ಎರಡು ದಿನ ಮುಂಚೆಯೇ ಊರಿಗೆ ಬರಲಿ. ಹಿಂದಿನ ದಿನ ಬೆಳಗ್ಗೆ ಒಂದೊಂದು ಜಟೆಯನ್ನೂ ಹಿಂಡಿ ಹಿಂಡಿ ತೊಳೆದು, ಬಿಸಿಲಿಗೆ ಕೂತು ಒಣಗಿಸಲಿ. ಎಳೆ, ದೂಳು, ವಾಸನೆ ಒಂದೂ ಇರಬಾರದು. ಆ ದಿನ ಒಪ್ಪೊತ್ತು. ಶ್ರಾದ್ಧದ ದಿನ ಬೇಗ ಎದ್ದು ನೆತ್ತಿಗೆ ನೀರು ಮುಟ್ಟುವ ಹಾಗೆ ಸ್ನಾನ ಮಾಡಲಿ, ಎಣ್ಣೆ, ಸೋಪು ಬೇಡ. ಶಿಖೆಗೆಂದು ಹೇಳಿದ ಗಂಟು ಹಾಕಿ, ಉಳಿದದ್ದನ್ನೆಲ್ಲ ಹಿಂದಕ್ಕೆ ಒಟ್ಟು ಮಾಡಿ ಮಡಿಬಟ್ಟೆಯಿಂದ ಬಿಗಿಯಾಗಿ ಕಟ್ಟಲಿ. ಅಗ್ನಿಯ ಮುಂದೆ ಬಗ್ಗುವಾಗ ಜಾರಬಾರದು. ಪ್ರಾಚೀನಾವೀತಿಯಾಗಿ ಪಿಂಡ ಇಡುವಾಗ ಒಂದು ಹನಿ ನೀರಾಗಲಿ ಒಂದು ಎಳೆ ಕೂದಲಾಗಲಿ ಮೇಲೆ ಬೀಳಬಾರದು. ಬಿದ್ದರೆ ಆ ಅನ್ನ ಬಿಟ್ಟು ಬೇರೆ ಅನ್ನದಿಂದ ಪಿಂಡ ಮಾಡಬೇಕು. ಅಡುಗೆ ಮನೆಗೆ ಅವನು ಹೋಗುವುದು ಬೇಡ, ಬಡಿಸಲು ನಿಮ್ಮ ಮೈದುನರು ನಿಲ್ಲಲಿ. ಅವರ ಒಳ್ಳೆಯ ಮನಸ್ಸಿಗೂ ಒಂದು ಕೆಲಸವಾಯಿತು. ಸಂಕಲ್ಪ, ತರ್ಪಣ, ಪಿಂಡ ಇವು ಮಗನ ಕೈಯಿಂದಲೇ ಆಗಬೇಕು.

ಇಷ್ಟು ಕಷ್ಟ ಯಾಕೆ, ತೆಗೆಸಿಯೇಬಿಡುತ್ತೇನೆ ಎಂದು ಅವನಿಗೇ ಅನ್ನಿಸಿದರೆ ಸಂತೋಷ. ಅನ್ನಿಸದಿದ್ದರೂ ಶ್ರಾದ್ಧ ನಿಲ್ಲಬಾರದು.

ನಿಮ್ಮ ತಂಗಿಯವರ ಸಲಹೆಯನ್ನು ಮಾತ್ರ ಕಿವಿಗೆ ಹಾಕಿಕೊಳ್ಳಬೇಡಿ ತಾಯಿ. ಮಲಗಿದವನ ತಲೆಗೆ ಕತ್ತರಿ ಹಾಕುವುದು ತಮಾಷೆಯಲ್ಲ. ಕೂದಲು ತೆಗೆದು ಅವಮಾನಿಸುವುದನ್ನು ನಮ್ಮ ಹಳೆಯ ಕಥೆಗಳಲ್ಲಿ ಶತ್ರುಗಳಿಗೆ ಮಾಡುವ ಶಿಕ್ಷೆಯಾಗಿ ಹೇಳಿದ್ದಾರೆ. ಅಶ್ವತ್ಥಾಮನ ತಲೆಯ ಮಣಿಯನ್ನು ಕೂದಲ ಸಮೇತ ಕತ್ತರಿಸಿ ಹೊರಗಟ್ಟಿದ್ದು ಭಾಗವತದಲ್ಲಿದೆ, ಐದು ಮಕ್ಕಳನ್ನು ನಿದ್ದೆಯಲ್ಲಿ ಕೊಂದವನಿಗೆ ಕೊಟ್ಟ ಶಿಕ್ಷೆ ಅದು. ನಿಮ್ಮ ಮಗ ಯಾರನ್ನು ಕೊಂದ? ಅಪ್ಪ ಹೋದ ದಿನ ಬೋಳಿಸಿಕೊಂಡ ಹುಡುಗ ಅವನು, ಕೇಳಿ ತೆಗೆಸಿದ್ದು ಅದು. ಈಗ ಕೇಳದೆ ತೆಗೆದರೆ ಈ ವರ್ಷದ ತಿಥಿ ನಡೆಯಬಹುದು, ಮುಂದಿನ ವರ್ಷ ಅವನು ಊರಿಗೆ ಬರುತ್ತಾನೆ ಎನ್ನುವ ಭರವಸೆ ನಿಮಗಿದೆಯೇ?

ಪುರೋಹಿತರಿಗೆ ಈ ಪುಟ ತೋರಿಸಿ. "ಕ್ಷೌರದ ಬದಲಿಗೆ ಏನು ಮಾಡಬೇಕೋ ಹೇಳಿ, ಮಾಡಿಸುತ್ತೇವೆ, ದಕ್ಷಿಣೆ ಹೆಚ್ಚು ಕೊಡುತ್ತೇವೆ" ಎಂದು ನೀವೇ ಹೋಗಿ ಕೇಳಿಕೊಳ್ಳಿ. ಮಗನೂ ಜೊತೆಗೆ ಹೋಗಿ ನಮಸ್ಕಾರ ಮಾಡಲಿ, ವಾದ ಮಾಡುವುದು ಬೇಡ. ಬಹುತೇಕ ಅವರು ಒಪ್ಪುತ್ತಾರೆ. ಮೊದಲ ದಿನ ನೋಡಿದಾಗ ಆದ ಗಾಬರಿಯಲ್ಲಿ ಆಡಿದ ಮಾತು ಇರಬಹುದು. ಒಪ್ಪದಿದ್ದರೆ ಅವರ ಮನಸ್ಸು ನೋಯಿಸದೆ, ಅವರ ಅನುಮತಿ ಕೇಳಿಯೇ ಆ ವರ್ಷಕ್ಕೆ ಬೇರೊಬ್ಬ ವೈದಿಕರನ್ನು ಕರೆಸಿ. ಯಾರೂ ಸಿಗದಿದ್ದರೆ ಎಳ್ಳು, ನೀರು, ದರ್ಭೆ ಇಟ್ಟುಕೊಂಡು ಮಗ ತನಗೆ ಬಂದಷ್ಟು ಮಂತ್ರದಲ್ಲಿ ತರ್ಪಣ ಬಿಟ್ಟು, ಗೋವಿಗೆ ಗ್ರಾಸ ಕೊಡಲಿ. ಮಾಘದ ತಿಥಿ ಯಾವತ್ತು ಬೀಳುತ್ತದೆ ಎಂಬುದನ್ನು ನಿಮ್ಮ ಊರಿನ ಪಂಚಾಂಗದಲ್ಲೇ ನೋಡಿ, ಅಪರಾಹ್ನಕ್ಕೆ ಆ ತಿಥಿ ಇರುವ ದಿನವನ್ನು ಹಿಡಿಯಿರಿ, ಮಗನಿಗೆ ಇವತ್ತೇ ಹೇಳಿ ರಜಾ ಹಾಕಿಸಿ.